ಕಾಸರಗೋಡಿನಲ್ಲಿ ಮನೆ ವಯರಿಂಗ್: ಸಹಿಗೆ ಮೊದಲು ನಾನು ನೋಡುವುದು

ಹಾಳಾದ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ತೆಗೆದು ಅದೇ ಜಾಗದಲ್ಲಿ ಅಷ್ಟೇ ಸಾಮರ್ಥ್ಯದ್ದನ್ನು ಹಾಕುವುದಕ್ಕೆ ಯಾರ ಪರ್ಮಿಟ್ಟೂ ಬೇಡ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮವೇ ಅಷ್ಟಕ್ಕೆ ಬಿಟ್ಟಿದೆ. ಆದರೆ 6 ಆಂಪಿಯರಿನ ಪ್ಲಗ್ ಕಿತ್ತು 16 ಆಂಪಿಯರಿನದ್ದು ಕೂರಿಸಿದರೆ, ಹಿಂದಿನ ಚಾವಡಿಗೆ ಹೊಸ ಲೈನ್ ಎಳೆದರೆ ಅದು ಲೈಸನ್ಸಿನ ಕೆಲಸ. ಲೈಸನ್ಸ್ ಇರುವ ಕಂಟ್ರಾಕ್ಟರ್ ವಹಿಸಿಕೊಂಡು, ಅರ್ಹತಾ ಪತ್ರ ಇರುವವರು ಎದುರಿಗೆ ನಿಂತು ಮಾಡಿಸಬೇಕು.

ನಮ್ಮ ಗಡಿ ಭಾಗದ ಗೋಳು ಇಲ್ಲಿಂದ ಶುರು. ಪೈವಳಿಕೆ, ಪೆರ್ಲ, ಮಂಜೇಶ್ವರದ ಮನೆಗಳಿಗೆ ವಿಟ್ಲ, ಪುತ್ತೂರು ಕಡೆಯಿಂದ ಕೆಲಸಗಾರರು ಬರುತ್ತಾರೆ, ಕೆಲಸವೂ ಚೊಕ್ಕವಾಗಿಯೇ ಇರುತ್ತದೆ. ಆದರೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಗೆ ಕೊಡುವ ಕಂಪ್ಲೀಶನ್ ರಿಪೋರ್ಟಿಗೆ (ವಯರಿಂಗ್ ಮುಗಿದ ವರದಿ) ಬೇಕಾದದ್ದು ಕೇರಳದ ಲೈಸನ್ಸಿಂಗ್ ಬೋರ್ಡ್ ಕೊಟ್ಟ ಲೈಸನ್ಸಿನ ಸಹಿ. ಹಾಗಾಗಿ ಬಣ್ಣ ಬಳಿದ ಮೇಲೆ ಸಹಿಗೆ ಆಳು ಹುಡುಕುವುದು. ಸಾರಣೆಯ ಒಳಗೆ ಏನಿದೆ ಎಂದು ಕಾಣದೆ ಹಾಕುವ ಸಹಿ ಅದು. ನಾನು ಅಂಥದ್ದಕ್ಕೆ ಒಪ್ಪುವುದಿಲ್ಲ. ಗೋಡೆ ಕೊರೆದು ಪೈಪ್ ಇಟ್ಟಾಗ ಒಮ್ಮೆ, ವಯರ್ ಎಳೆದು ಸ್ವಿಚ್ ಹಾಕುವ ಮೊದಲು ಒಮ್ಮೆ, ಕೊನೆಗೆ ಟೆಸ್ಟಿಗೆ, ಹೀಗೆ ಮೂರು ಸಲ ನೋಡುತ್ತೇನೆ.

ಮೊದಲ ದಿನವೇ ಲೋಡಿನ ಲೆಕ್ಕ ಮಾಡಬೇಕು. ಕೇರಳದಲ್ಲಿ 5 ಕಿಲೋವ್ಯಾಟ್ ತನಕ ಸಿಂಗಲ್ ಫೇಸ್, ದಾಟಿದರೆ ತ್ರೀ ಫೇಸ್. ಒಂದು ಸಾಧಾರಣ ಮನೆ ತೆಗೆದುಕೊಳ್ಳಿ: 10 ವ್ಯಾಟಿನ 14 ಬಲ್ಬ್ 140, 60 ವ್ಯಾಟಿನ 6 ಫ್ಯಾನ್ 360, ಫ್ರಿಜ್ 200, ಮಿಕ್ಸಿ 500, ವಾಷಿಂಗ್ ಮೆಷಿನ್ 500, ಇಸ್ತ್ರಿ ಪೆಟ್ಟಿಗೆ 1000, ಬಾವಿಯ 1 ಎಚ್‌ಪಿ ಪಂಪ್ 746. ಒಟ್ಟು 3446. ಇದಕ್ಕೆ 2000 ವ್ಯಾಟಿನ ಒಂದು ಗೀಸರ್ ಸೇರಿದರೆ 5446, ಅಂದರೆ ತ್ರೀ ಫೇಸ್. ನಾಲ್ಕು ಪೋಲಿನ ಮೇನ್, ನಾಲ್ಕು ಪೋಲಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಲೈನ್ ಹಂಚುವ ಪೆಟ್ಟಿಗೆಯಾದ ಡಿಬಿಯಲ್ಲಿ ಫೇಸ್ ಹಂಚಿಕೆ, ಎಲ್ಲವೂ ಬದಲು. ಗೀಸರ್ ಆಮೇಲೆ ನೋಡುವ ಎನ್ನುವವರಿಗೂ ಮೊದಲೇ ತ್ರೀ ಫೇಸಿಗೆ ಪೈಪ್ ಹಾಕಿಸುತ್ತೇನೆ. ಗೋಡೆ ಒಡೆಯುವ ಖರ್ಚಿನ ಮುಂದೆ ಪೈಪಿನ ಖರ್ಚು ಏನೂ ಅಲ್ಲ.

ಲೋಡ್ ಕಡಿಮೆ ಬರೆಸಿ ಆಮೇಲೆ ಎಸಿ ಹಾಕುವ ಜಾಣತನ ಬೇಡ. ಹೆಚ್ಚುವರಿ ಲೋಡನ್ನು 2003ರ ವಿದ್ಯುತ್ ಕಾಯ್ದೆಯಲ್ಲಿ ಅನಧಿಕೃತ ಬಳಕೆಯ ಬಗ್ಗೆ ಇರುವ 126ನೇ ಸೆಕ್ಷನ್ನಿನಿಂದ ಹೊರಗಿಟ್ಟಿದ್ದ ಕೇರಳದ ನಿಯಮವನ್ನು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ಲೋಡ್ ಏರಿದರೆ ಅರ್ಜಿ ಕೊಟ್ಟು ಏರಿಸಿಕೊಳ್ಳುವುದೇ ಕ್ಷೇಮ.

ವಯರಿಗೆ ನನ್ನ ಅಳತೆ ಇಷ್ಟು: ಬಲ್ಬ್, ಫ್ಯಾನಿಗೆ 1.5 ಚದರ ಮಿ.ಮೀ., 16 ಆಂಪಿಯರ್ ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4. ಒಂದು ಲೈಟ್ ಸರ್ಕ್ಯೂಟಿನಲ್ಲಿ 10 ಪಾಯಿಂಟ್ ಅಥವಾ 800 ವ್ಯಾಟ್, ಅದಕ್ಕಿಂತ ಮೇಲೆ ಬೇಡ.

ಹೆಚ್ಚಾಗಿ ಎಡವುವುದು ಕರೆಂಟ್ ವಾಪಸಾಗುವ ವಯರಾದ ನ್ಯೂಟ್ರಲಿನಲ್ಲಿ. ಮೆಟ್ಟಿಲಿನ ಟೂವೇ ಸ್ವಿಚ್ಚಿಗೆ ಕೆಳಗಿನ ಡಿಬಿಯಿಂದ ಫೇಸ್, ಮೇಲಿನ ಸರ್ಕ್ಯೂಟಿನಿಂದ ನ್ಯೂಟ್ರಲ್. ಹತ್ತಿರ ಸಿಕ್ಕಿತು ಅಂತ ಕಟ್ಟಿಬಿಡುವುದು. ಬಲ್ಬ್ ಉರಿಯುತ್ತದೆ. ಮಹಡಿಗೊಂದರಂತೆ ಇಎಲ್‌ಸಿಬಿ ಇಟ್ಟಿದ್ದರೆ ಸ್ವಿಚ್ ಒತ್ತಿದ ಕೂಡಲೇ ಟ್ರಿಪ್, ಯಾಕೆಂದರೆ ಒಂದರಿಂದ ಹೋದ ಕರೆಂಟ್ ಇನ್ನೊಂದರ ಮೂಲಕ ವಾಪಸಾಗುತ್ತಿದೆ. ಆಗ 'ಇಎಲ್‌ಸಿಬಿ ಹಾಳು' ಎಂದು ಅದನ್ನೇ ಬೈಪಾಸ್ ಮಾಡುತ್ತಾರೆ! ಮನೆಯಲ್ಲಿ ಜೀವ ಉಳಿಸುವ ಒಂದೇ ವಸ್ತುವನ್ನು ಕಿತ್ತ ಹಾಗೆ. ಸ್ವಿಚ್ ಬೋರ್ಡಿನೊಳಗೆ ಅರ್ಥ್, ನ್ಯೂಟ್ರಲ್ ಒಟ್ಟಿಗೆ ತಿರುಚಿದರೂ ಇದೇ ಗತಿ. ಪ್ರತಿ ಸರ್ಕ್ಯೂಟಿನ ನ್ಯೂಟ್ರಲ್ ಬೇರೆಯೇ ತಂದು, ಆ ಸರ್ಕ್ಯೂಟಿನ ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ಕಡಿಯುವ ಸ್ವಿಚ್) ನಂಬರನ್ನೇ ಅದಕ್ಕೂ ಅಂಟಿಸುತ್ತೇನೆ.

ಇನ್ನು ಅರ್ಥ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಪೈಪ್ ಹೂಳುವ ಗುಂಡಿ. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಅರ್ಥ್ ಟೆಸ್ಟರ್ ಚಂದದ ಸಣ್ಣ ಅಂಕಿ ತೋರಿಸುತ್ತದೆ, ಮೇ ತಿಂಗಳಲ್ಲಿ ಅದೇ ಗುಂಡಿಯ ಅಂಕಿ ಹಲವು ಪಟ್ಟು ಏರಿರುತ್ತದೆ. 25 ಓಮ್ ಬಂತು ಅಂದುಕೊಳ್ಳಿ. ಫೇಸ್ ವಯರ್ ಪಂಪಿನ ಹೊರಮೈಗೆ ತಾಗಿದರೆ ಹರಿಯುವ ಕರೆಂಟ್ 240ನ್ನು 25ರಿಂದ ಭಾಗಿಸಿದಷ್ಟು, ಅಂದರೆ 9.6 ಆಂಪಿಯರ್. 16 ಆಂಪಿಯರಿನ ಎಂಸಿಬಿ ಇದಕ್ಕೆ ಜಪ್ಪಯ್ಯ ಅನ್ನುವುದಿಲ್ಲ. ಪಂಪಿನ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ, ಒದ್ದೆ ಕಾಲಿನಲ್ಲಿ ನೀರು ಬಿಡಲು ಬಂದವರು ಮುಟ್ಟುತ್ತಾರೆ. 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಇದ್ದರೆ ಆ ಕ್ಷಣವೇ ಕಡಿಯುತ್ತದೆ. ಎಂಸಿಬಿ ಇದೆಯಲ್ಲ ಎಂದು ವಾದಿಸುವವರಿಗೆ ನಾನು ಈ ಲೆಕ್ಕವನ್ನೇ ಬರೆದು ತೋರಿಸುವುದು. ಇಎಲ್‌ಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಆದರೆ ಆ ಬಟನ್ ಇಎಲ್‌ಸಿಬಿಯನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥ್ ಗುಂಡಿಯನ್ನಲ್ಲ.

ಗುಂಡಿಗೆ ಜಾಗ ಬಾವಿಕಟ್ಟೆಯ ಅಥವಾ ಬಟ್ಟೆ ಒಗೆಯುವ ಕಲ್ಲಿನ ನೀರು ಇಂಗುವ ಕಡೆ, ಗೋಡೆಯಿಂದ ಒಂದೂವರೆ ಮೀಟರ್ ದೂರ. 40 ಮಿ.ಮೀ. ದಪ್ಪದ, ಎರಡೂವರೆ ಮೀಟರ್ ಉದ್ದದ ಜಿಐ ಪೈಪ್. ಮುರಕಲ್ಲು ದಾಟಿ ಶೇಡಿ ಮಣ್ಣು ಸಿಕ್ಕಿದರೆ ಅದೃಷ್ಟ, ಅಲ್ಲಿ ತೇವ ನಿಲ್ಲುತ್ತದೆ. ಕಲ್ಲು ಗಟ್ಟಿ ಎಂದು ಪೈಪನ್ನು ಅರ್ಧಕ್ಕೆ ಕತ್ತರಿಸಿ ಹೂಳುವವರಿದ್ದಾರೆ. ಅದಕ್ಕೇ ಪೈಪ್ ಇಳಿಸುವ ದಿನ ನಾನು ಅಲ್ಲಿರುವುದು. ಸುತ್ತ ಇದ್ದಿಲು ತುಂಬಿಸಿ, ಉಪ್ಪು ಸ್ವಲ್ಪವೇ ಹಾಕಿ. ಹೆಚ್ಚಾದರೆ ಜಿಐ ಬೇಗ ತುಕ್ಕು ಹಿಡಿಯುತ್ತದೆ. ಪೈಪಿನ ಬಾಯಿ ಸಿಮೆಂಟಿನಿಂದ ಮುಚ್ಚದೆ, ಬೇಸಗೆಯಲ್ಲಿ ನೀರು ಹೊಯ್ಯುವಂತೆ ಕೊಳವೆ ಬಿಡಿ. ತ್ರೀ ಫೇಸಿಗೆ ಎರಡು ಗುಂಡಿ ಮಾಡಿಸುತ್ತೇನೆ, ನಡುವೆ ಕಡಿಮೆಯೆಂದರೆ 5 ಮೀಟರ್. ಹತ್ತಿರ ಹತ್ತಿರ ಎರಡು ಹೂಳಿದರೆ ಒಂದರ ಫಲವೇ.

ಕೊನೆಗೆ ವಯರಿನ ಇನ್ಸುಲೇಶನ್ ಅಳೆಯುವ 500 ವೋಲ್ಟಿನ ಮೆಗ್ಗರ್. ಬಲ್ಬ್ ಎಲ್ಲ ಕಳಚಿ, ಪ್ಲಗ್ ಎಲ್ಲ ತೆಗೆದು, ಸ್ವಿಚ್ ಎಲ್ಲ ಆನ್ ಮಾಡಿ ಫೇಸ್‌ನಿಂದ ಅರ್ಥ್‌ಗೆ, ಫೇಸ್‌ನಿಂದ ನ್ಯೂಟ್ರಲ್‌ಗೆ ನೋಡುತ್ತೇನೆ. 1 ಮೆಗಾ ಓಮ್‌ಗಿಂತ ಕೆಳಗೆ ಬಂದರೆ ಸಹಿ ಇಲ್ಲ. ಹೊಸ ಸಾರಣೆಯ ತೇವಕ್ಕೂ ಅಂಕಿ ಇಳಿಯುತ್ತದೆ, ಒಣಗಿದ ಮೇಲೆ ಇನ್ನೊಮ್ಮೆ ನೋಡಬೇಕು. ಆಗಲೂ ಏರದಿದ್ದರೆ ಎಲ್ಲೋ ಮೊಳೆ ತಾಗಿದೆ.

ಕಾಗದದ ಕೆಲಸ ಈಗ ಹಗುರ. ಗುರುತಿನ ಚೀಟಿ, ಜಾಗದ ದಾಖಲೆ, ಕಂಪ್ಲೀಶನ್ ರಿಪೋರ್ಟ್. ಕೆಎಸ್‌ಇಬಿಯ ಸೆಕ್ಷನ್ ಆಫೀಸಿನಲ್ಲಿ ಕೊಡಬಹುದು, ಆನ್‌ಲೈನಿನಲ್ಲೂ ಆಗುತ್ತದೆ. ತಡೆಯುವುದು ಹೆಸರು. ಆಧಾರ್ ಕಾರ್ಡಿನಲ್ಲಿ ಇನಿಶಿಯಲ್, ಜಾಗದ ಆಧಾರಪತ್ರದಲ್ಲಿ ತಂದೆಯ ಪೂರ್ತಿ ಹೆಸರು, ತೀರ್ವೆ ರಶೀದಿಯಲ್ಲಿ ಮಲಯಾಳಕ್ಕೆ ಹೋಗಿ ಬಂದ ಮೂರನೆಯ ರೂಪ. ನಮ್ಮ ಕನ್ನಡದ ಹೆಸರುಗಳಿಗೆ ಇದು ತಪ್ಪಿದ್ದಲ್ಲ. ಅರ್ಜಿಗೆ ಮೊದಲೇ ಗ್ರಾಮ ಕಚೇರಿಯಲ್ಲಿ ಸರಿ ಮಾಡಿಸಿ. ಲೈನ್ ನೆರೆಯವರ ಅಡಿಕೆ ತೋಟದ ಮೇಲೆ ಹೋಗುವುದಾದರೆ ಅವರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಬಾಯಿಮಾತಿನ ಒಪ್ಪಿಗೆ ಕಂಬ ನೆಡುವ ದಿನ ಬದಲಾಗುವುದುಂಟು. ಎಲ್ಲ ಸರಿ ಇದ್ದ ಅರ್ಜಿಗೆ ಹಳ್ಳಿಯಲ್ಲಿ 15 ದಿನ ಎಂದು 2024ರಲ್ಲಿ ತಿದ್ದಿದ ಕೇಂದ್ರದ ನಿಯಮ ಹೇಳುತ್ತದೆ.

ಮನೆ ಕಟ್ಟುವಾಗ ತೆಗೆದ ಕನೆಕ್ಷನ್ನಿಗೆ ದರ ಬೇರೆ. ಪಂಚಾಯತಿನ ಮನೆ ನಂಬರ್ ಸಿಕ್ಕಿದ ವಾರವೇ ಎಲ್‌ಟಿ 1ಎ, ಅಂದರೆ ಮನೆ ಬಳಕೆಯ ದರಕ್ಕೆ ಅರ್ಜಿ ಹಾಕಿ. ಅದು ತಾನಾಗಿ ಬದಲಾಗುವುದಿಲ್ಲ.