ಮನೆ ಶೋಧಕ್ಕೆ ಪೊಲೀಸರು ಬಂದರೆ: ಕೇಳಬೇಕಾದ್ದು, ಬರೆಯಬೇಕಾದ್ದು

ಬಾಗಿಲಲ್ಲಿ ಪೊಲೀಸ್ ಜೀಪು ನಿಂತರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ. ಮಹಜರು, ಅಂದರೆ ಶೋಧದ ದಾಖಲೆ, ಬರೆಯುವುದು ಮಲಯಾಳದಲ್ಲಿ. ಮಲಯಾಳದ ಮಾತು ನಮಗೆ ಹೇಗೋ ಅರ್ಥವಾಗುತ್ತದೆ, ಆದರೆ ಅಕ್ಷರ ಓದಲು ಬಾರದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಗಾಬರಿಯಲ್ಲಿ ತೋರಿಸಿದ ಕಡೆ ಸಹಿ ಹಾಕಿಬಿಡುತ್ತಾರೆ. ಹಾಗಾಗಬಾರದು ಎಂದೇ ಈ ಲೇಖನ.

ಮೊದಲು ಸಂವಿಧಾನದ ಮಾತು. ಅನ್ಯಾಯದ ಶೋಧ, ಜಪ್ತಿ ಕೂಡದು ಎಂದು ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ನೇರವಾಗಿ ಹೇಳುತ್ತದೆ. ನಮ್ಮ ಸಂವಿಧಾನದಲ್ಲಿ ಅಂಥ ಪ್ರತ್ಯೇಕ ವಿಧಿ ಇಲ್ಲ. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಥ ಹಕ್ಕನ್ನು ಒಪ್ಪಲೂ ಇಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದನ್ನು ಬದಲಿಸಿತು. ಖಾಸಗಿತನ ಮೂಲಭೂತ ಹಕ್ಕು, ಅದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯಲ್ಲೇ ಸೇರಿದೆ ಎಂದು ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈಗ ಸರ್ಕಾರ ನಿಮ್ಮ ಮನೆಯೊಳಗೆ ಕಾಲಿಡಬೇಕಾದರೆ ಕಾನೂನಿನ ಆಧಾರ ಬೇಕು, ಸರಿಯಾದ ಉದ್ದೇಶ ಬೇಕು, ಅಗತ್ಯ ಮೀರಿ ಹೋಗಬಾರದು.

ಶೋಧ ಹೇಗೆ ನಡೆಯಬೇಕು ಎಂಬ ವಿವರ ಇರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ ಜಾಗಕ್ಕೆ ಇದು 2024ರ ಜುಲೈ 1ರಂದು ಬಂತು.

ಬಾಗಿಲಲ್ಲಿ

ಯಾವ ಸ್ಟೇಷನ್‌ನಿಂದ ಬಂದಿದ್ದೀರಿ, ಯಾವ ಕೇಸು, ವಾರಂಟ್ ಇದೆಯಾ ಎಂದು ಮರ್ಯಾದೆಯಿಂದಲೇ ಕೇಳಿ. ವಾರಂಟ್ ಇದ್ದರೆ ತೋರಿಸಲು ಹೇಳಿ. ಅದರಲ್ಲಿ ಇರುವುದು ನಿಮ್ಮ ಮನೆಯೇ, ಏನನ್ನು ಹುಡುಕಲು ಬಂದಿದ್ದಾರೆ ಎಂದು ನೋಡಿ.

ವಾರಂಟ್ ಇಲ್ಲದಿದ್ದರೆ ಶೋಧವೇ ಅಕ್ರಮ ಎಂದುಕೊಳ್ಳಬೇಡಿ. ಕೋರ್ಟಿಗೆ ಹೋಗಿ ಬರುವಷ್ಟರಲ್ಲಿ ವಸ್ತು ಕೈತಪ್ಪುತ್ತದೆ ಎಂದಿದ್ದರೆ, ಸೆಕ್ಷನ್ 185ರ ಪ್ರಕಾರ ತನಿಖಾಧಿಕಾರಿ ವಾರಂಟ್ ಇಲ್ಲದೆಯೂ ಬರಬಹುದು. ಆದರೆ ಯಾಕೆ ಬಂದೆ, ಏನನ್ನು ಹುಡುಕುತ್ತಿದ್ದೇನೆ ಎಂದು ಅವರು ಮೊದಲೇ ಬರೆದಿಡಬೇಕು. ಅದರ ನಕಲು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ನೀವು ಅರ್ಜಿ ಕೊಟ್ಟರೆ ಆ ನಕಲು ಮ್ಯಾಜಿಸ್ಟ್ರೇಟರ ಕಡೆಯಿಂದ ನಿಮಗೆ ದುಡ್ಡಿಲ್ಲದೆ ಸಿಗಬೇಕು. ಈ ಅರ್ಜಿ ಹಾಕುವವರು ಬಹಳ ಕಡಿಮೆ. ದಯವಿಟ್ಟು ಹಾಕಿ. ಶೋಧಕ್ಕೆ ನಿಜವಾಗಿ ಕಾರಣ ಇತ್ತೇ ಎಂದು ಗೊತ್ತಾಗುವುದು ಅದರಿಂದಲೇ.

ಬಾಗಿಲು ಅಡ್ಡಗಟ್ಟಬೇಡಿ, ತಳ್ಳಾಟ ಬೇಡ. ಒಳಗೆ ಬಿಡದಿದ್ದರೆ ಬಾಗಿಲು ಒಡೆಯುವ ಅಧಿಕಾರ ಅವರಿಗಿದೆ. ತಡೆದದ್ದಕ್ಕೆ ನಿಮ್ಮ ಮೇಲೆ ಇನ್ನೊಂದು ಕೇಸೂ ಬೀಳಬಹುದು. ‘ನನ್ನ ಒಪ್ಪಿಗೆ ಇಲ್ಲ, ಆದರೆ ಅಡ್ಡಿ ಮಾಡುವುದಿಲ್ಲ’ ಎಂದು ಹೇಳಿದರೆ ಸಾಕು.

ಶೋಧ ನಡೆಯುವಾಗ

ಸೆಕ್ಷನ್ 103ರ ಪ್ರಕಾರ ಊರಿನ ಇಬ್ಬರಾದರೂ ಸಾಕ್ಷಿಗಳು ಅಲ್ಲಿರಬೇಕು. ಅವರು ಯಾರ ಕಡೆಯವರೂ ಆಗಿರಬಾರದು. ಪಕ್ಕದ ಮನೆಯವರನ್ನು ಕರೆಯಿರಿ ಎಂದು ನೀವೇ ಕೇಳಬಹುದು. ಸಾಧ್ಯವಾದರೆ ಕನ್ನಡ, ಮಲಯಾಳ ಎರಡೂ ಓದಬಲ್ಲವರೇ ಬರಲಿ. ನೆರೆಯವರಿಗೂ ಒಂದು ಮಾತು: ಹೆದರಿ ಒಳಗೆ ಕೂರಬೇಡಿ. ಸಾಕ್ಷಿ ನಿಂತ ಮಾತ್ರಕ್ಕೆ ಕೋರ್ಟಿಗೆ ಅಲೆಯಬೇಕಾಗಿಲ್ಲ, ಸಮನ್ಸ್ ಬಂದರೆ ಮಾತ್ರ ಹೋಗಬೇಕು. ಲಿಖಿತವಾಗಿ ಕರೆದರೂ ಕಾರಣವಿಲ್ಲದೆ ಬರದಿದ್ದರೆ ಅದೇ ಅಪರಾಧ.

ಮನೆಯವರು ಅಥವಾ ಅವರ ಪರವಾಗಿ ಒಬ್ಬರು ಶೋಧದ ಉದ್ದಕ್ಕೂ ಜೊತೆಗಿರಬಹುದು. ಒಂದೊಂದು ಕೋಣೆಗೂ ಜೊತೆಯಲ್ಲೇ ಹೋಗಿ. ಹೆಂಗಸರ ಮೈ ತಪಾಸಣೆ ಮಾಡಬೇಕಾದರೆ ಹೆಂಗಸರೇ ಮಾಡಬೇಕು, ಅದೂ ಮಾನ ಮರ್ಯಾದೆಗೆ ಕುಂದು ಬಾರದಂತೆ. ಇದರಲ್ಲಿ ರಾಜಿ ಬೇಡ.

ಈಗ ಶೋಧವನ್ನು ವೀಡಿಯೊ ಮಾಡಲೇಬೇಕು. ಸೆಕ್ಷನ್ 105 ತಂದ ಹೊಸ ನಿಯಮ ಇದು. ಮೊಬೈಲಿನಲ್ಲಿ ಮಾಡಿದರೂ ಆಗುತ್ತದೆ. ಪಟ್ಟಿ ಬರೆಯುವುದು, ಸಾಕ್ಷಿಗಳು ಸಹಿ ಹಾಕುವುದು ಕೂಡ ಅದರಲ್ಲಿ ಬರಬೇಕು. ‘ವೀಡಿಯೊ ಆಗುತ್ತಿದೆಯಾ ಸಾರ್?’ ಎಂದು ಕೇಳಿ. ಇಲ್ಲ ಎಂದರೆ ಆ ಹೊತ್ತು ಬರೆದಿಟ್ಟುಕೊಳ್ಳಿ.

ಪಟ್ಟಿ ಮತ್ತು ಸಹಿ

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಇಲ್ಲಿ. ತೆಗೆದುಕೊಂಡ ಪ್ರತಿ ವಸ್ತುವೂ ಪಟ್ಟಿಯಲ್ಲಿರಬೇಕು. ಅದು ಮನೆಯಲ್ಲಿ ಎಲ್ಲಿ ಸಿಕ್ಕಿತು ಎಂಬುದೂ ಇರಬೇಕು. ‘ಕೆಲವು ಕಾಗದಗಳು’ ಎಂದು ಬರೆದರೆ ಸಾಲದು, ಯಾವ ಕಾಗದ, ಎಷ್ಟು ಎಂದು ಬರೆಸಿ. ಫೋನ್ ಆದರೆ ಮಾಡೆಲ್, ಐಎಂಇಐ ನಂಬರ್ (ಫೋನಿನ ಗುರುತಿನ ಸಂಖ್ಯೆ) ಬರಲಿ. ದುಡ್ಡಾದರೆ ನಿಮ್ಮೆದುರೇ ಎಣಿಸಲಿ. ಸಾಕ್ಷಿಗಳ ಸಹಿ ಇರುವ ನಕಲು ನಿಮ್ಮ ಕೈಗೆ ಬರಲೇಬೇಕು.

ನಕಲು ಸಿಕ್ಕಿದ್ದಕ್ಕೆ ಸಹಿ ಕೇಳುತ್ತಾರೆ. ಪಟ್ಟಿ ಮಲಯಾಳದಲ್ಲಿದ್ದು, ನಿಮಗೆ ಓದಲು ಬಾರದಿದ್ದರೆ, ಓದಿ ಹೇಳಲು ಕೇಳಿಕೊಳ್ಳಿ. ಹೇಳದಿದ್ದರೆ ಸಹಿಯ ಮೇಲೆ ಕನ್ನಡದಲ್ಲೇ ಹೀಗೆ ಬರೆಯಿರಿ: ‘ಈ ಪಟ್ಟಿ ಮಲಯಾಳದಲ್ಲಿದೆ. ನನಗೆ ಮಲಯಾಳ ಓದಲು ಬರುವುದಿಲ್ಲ. ಯಾರೂ ಓದಿ ಹೇಳಿಲ್ಲ. ನಕಲು ಸಿಕ್ಕಿದ್ದಕ್ಕೆ ಮಾತ್ರ ಈ ಸಹಿ.’ ಕೆಳಗೆ ತಾರೀಕು, ಗಂಟೆ ಹಾಕಿ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ. ತನಿಖೆಯಲ್ಲಿ ನೀವು ಪೊಲೀಸರಿಗೆ ಕೊಟ್ಟ ಹೇಳಿಕೆಗೂ ಸಹಿ ಹಾಕಿಸಿಕೊಳ್ಳುವಂತಿಲ್ಲ. ಕಾನೂನು ಅದನ್ನು ಸ್ಪಷ್ಟವಾಗಿ ಬೇಡ ಎಂದಿದೆ.

ಇಷ್ಟೊಂದು ಬರವಣಿಗೆ ಯಾಕೆ ಅಂದರೆ, ಶೋಧ ಅಕ್ರಮವಾಗಿ ನಡೆದಿದೆ ಎಂದ ಮಾತ್ರಕ್ಕೆ ಸಿಕ್ಕ ಸಾಕ್ಷ್ಯವನ್ನು ನಮ್ಮ ಕೋರ್ಟುಗಳು ತಳ್ಳಿಹಾಕುವುದಿಲ್ಲ. ಸುಪ್ರೀಂ ಕೋರ್ಟಿನ 1974ರ ಪೂರಣ್ ಮಲ್ ತೀರ್ಪಿನಿಂದ ಇದೇ ನಡೆದುಬಂದಿದೆ. ಆದರೆ ಶೋಧದಲ್ಲಿ ತಪ್ಪಾಗಿದ್ದರೆ ಕೋರ್ಟು ಆ ಸಾಕ್ಷ್ಯವನ್ನು ಜಾಸ್ತಿ ಎಚ್ಚರದಿಂದ ತೂಗುತ್ತದೆ. ತಪ್ಪಾಗಿದೆ ಎಂದು ಅಲ್ಲಿ ತೋರಿಸಲು ನಿಮ್ಮ ಕೈಯಲ್ಲಿರುವುದು ಆ ದಿನ ಬರೆದದ್ದು ಮಾತ್ರ.

ಗಡಿ ದಾಟುವಾಗ

ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆ ಈಚೆ ಓಡಾಡುವವರಿಗೆ ಗಾಡಿ ತಪಾಸಣೆ ಹೊಸದಲ್ಲ. ಮಾದಕ ವಸ್ತುವಿನ ಗುಮಾನಿಯಲ್ಲಿ ಮೈ ತಪಾಸಣೆಗೆ ಹೊರಟರೆ, ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 50 ನೆನಪಿರಲಿ. ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರೇ ತಪಾಸಣೆ ಆಗಲಿ ಎನ್ನುವ ಹಕ್ಕು ನಿಮಗಿದೆ. ಆ ಹಕ್ಕಿದೆ ಎಂದು ಅವರೇ ನಿಮಗೆ ಹೇಳಬೇಕು. ಇದು ಮೈ ತಪಾಸಣೆಗೆ ಮಾತ್ರ, ಬ್ಯಾಗಿಗೂ ಗಾಡಿಗೂ ಇಲ್ಲ.

ಸ್ಕೂಟರೋ ಕಾರೋ ಜಪ್ತಿಯಾದರೆ ಸ್ಟೇಷನ್ ಅಂಗಳದಲ್ಲಿ ತುಕ್ಕು ಹಿಡಿಯಲು ಬಿಡಬೇಡಿ. ವಾಹನಗಳನ್ನು ಹಾಗೆ ಬಹಳ ದಿನ ಇಟ್ಟುಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಆರ್‌ಸಿ ಹಿಡಿದು, ಮಧ್ಯಂತರ ಬಿಡುಗಡೆಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅರ್ಜಿ ಹಾಕಿಸಿ. ಮಾದಕ ವಸ್ತು, ಅಬಕಾರಿ ಕೇಸುಗಳಿಗೆ ಬೇರೆ ನಿಯಮಗಳಿವೆ, ಅಲ್ಲಿ ವಕೀಲರನ್ನು ಕೇಳಿಯೇ ಮುಂದೆ ಹೋಗಿ.

ಆಮೇಲೆ

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ನಂಬರ್. ಕಾಸರಗೋಡಿನಲ್ಲಿ ಜಿಲ್ಲಾ ಪ್ರಾಧಿಕಾರವೂ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.

ಶೋಧದಲ್ಲಿ ಅನ್ಯಾಯವಾಗಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ದೂರು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಪಟ್ಟಿಯ ನಕಲನ್ನು ಜೊತೆಗಿಟ್ಟು, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ.