ಹಸಿರು ಎನ್ನಲು ಹಿಡಿಯುವ ಹೊತ್ತು

‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿ ಮುದ್ರಿಸಿ, ಪದವನ್ನು ಓದದೆ ಶಾಯಿಯ ಬಣ್ಣವನ್ನಷ್ಟೇ ಹೇಳಿ ಎಂದರೆ ಎಂಥವರ ನಾಲಿಗೆಯೂ ತಡವರಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರು ಚೌಕಗಳ ಬಣ್ಣ ಹೇಳಲು ಸರಾಸರಿ 63.3 ಸೆಕೆಂಡು ತೆಗೆದುಕೊಂಡ ವಿದ್ಯಾರ್ಥಿಗಳು, ಬೇರೆ ಬಣ್ಣದ ಶಾಯಿಯಲ್ಲಿದ್ದ ನೂರು ಪದಗಳಿಗೆ 110.3 ಸೆಕೆಂಡು ತೆಗೆದುಕೊಂಡಿದ್ದರು. ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು ಗೆಳತಿಯರು ಈ ಪ್ರಯೋಗವನ್ನೇ ಆರಿಸಿಕೊಂಡೆವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಈ ತಡವರಿಕೆ ಇಂಗ್ಲಿಷ್ ಪದಗಳಿಗಿಂತ ಕನ್ನಡ ಪದಗಳಲ್ಲಿ ಹೆಚ್ಚಿರುತ್ತದೆಯೇ ಎಂಬುದು ನಮ್ಮ ಪ್ರಶ್ನೆಯಾಗಿತ್ತು.

ಕಾರ್ಡುಗಳನ್ನು ನಾವೇ ತಯಾರಿಸಿದೆವು, ಸಮ್ಮತಿ ಪತ್ರವನ್ನು ಕನ್ನಡದಲ್ಲಿ ಬರೆದೆವು, ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ ಸ್ಟಾಪ್‌ವಾಚ್ ಹಿಡಿದೆವು. ಅಂತರ ಕಾಲೇಜು ವಿಚಾರ ಸಂಕಿರಣಕ್ಕೆ ಸಾರಲೇಖ ಕಳಿಸುವ ಮುನ್ನ ಮಾರ್ಗದರ್ಶಕರು ‘ಸಾಬೀತಾಗಿದೆ’ ಎಂಬ ಪದವನ್ನು ಮೂರು ಕಡೆ ಹೊಡೆದು ಹಾಕಿ ‘ಕಂಡುಬಂದಿದೆ’ ಎಂದು ತಿದ್ದಿದರು. ಆಗ ಅದು ಬರಿಯ ವಿನಯದ ಮಾತೆಂದು ನಾನು ತಿಳಿದಿದ್ದೆ.

ಸಂಕಿರಣದಲ್ಲಿ ಪ್ರದರ್ಶಿಸಿದ ಪೋಸ್ಟರಿನ ನಟ್ಟನಡುವೆ ನಮ್ಮ ಹೆಮ್ಮೆಯ ನಕ್ಷೆಯಿತ್ತು. ಹೊಂದಿಕೆಯಾಗದ ಶಾಯಿಯ ಕಾರ್ಡಿನಲ್ಲಿ ಇಂಗ್ಲಿಷಿಗೆ ಹಿಡಿದ ಸಮಯ ಚಿಕ್ಕ ಕಂಬವಾಗಿ, ಕನ್ನಡಕ್ಕೆ ಹಿಡಿದ ಸಮಯ ಎತ್ತರದ ಕಂಬವಾಗಿ ನಿಂತಿದ್ದವು. ಮೊದಲ ದಿನ ಬೆಳಿಗ್ಗೆ ಹಿರಿಯ ಪ್ರಾಧ್ಯಾಪಕಿಯೊಬ್ಬರು ಬಂದು ಪೂರ್ತಿ ಓದಿ, “ಸ್ವಲ್ಪ ‘ಹಸಿರು’ ಅನ್ನಿ, ಈಗ ‘ಗ್ರೀನ್’ ಅನ್ನಿ” ಎಂದರು. ಹೇಳುತ್ತಿದ್ದಂತೆಯೇ ನನಗೆ ಅರ್ಥವಾಯಿತು. ಹಸಿರು, ಹಳದಿ ಮೂರು ಅಕ್ಷರದ ಪದಗಳು. ಕೆಂಪು, ನೀಲಿ ಎರಡಕ್ಷರದವು. ಗ್ರೀನ್, ರೆಡ್, ಬ್ಲೂ ಒಂದೇ ಉಸಿರಿಗೆ ಮುಗಿಯುತ್ತವೆ. ಕಾರ್ಡು ಪೂರ್ತಿ ಇಂಥ ಪದಗಳನ್ನು ಬಾಯಿಬಿಟ್ಟು ಹೇಳುವಾಗ ಮನಸ್ಸು ಎಲ್ಲಿಯೂ ತಡವರಿಸದಿದ್ದರೂ ಕನ್ನಡಕ್ಕೆ ಹೆಚ್ಚು ಸಮಯ ಬೇಕು. ನಮ್ಮ ಎತ್ತರದ ಕಂಬದಲ್ಲಿ ತಡವರಿಕೆಯೆಷ್ಟು, ಉಚ್ಚಾರಣೆಯ ಉದ್ದವೆಷ್ಟು ಎಂದು ಬೇರ್ಪಡಿಸುವ ದಾರಿಯನ್ನೇ ನಾವು ತೋರಿಸಿರಲಿಲ್ಲ.

ಆ ದಾರಿ ನಮ್ಮ ಕೈಯಲ್ಲೇ ಇತ್ತೆಂಬುದು ನನ್ನನ್ನು ಹೆಚ್ಚು ನೋಯಿಸಿತು. ಸ್ಟ್ರೂಪ್ ಮಾಡಿದಂತೆ ನಾವೂ ಬರಿಯ ಚೌಕಗಳ ಬಣ್ಣವನ್ನು ಎರಡೂ ಭಾಷೆಗಳಲ್ಲಿ ಹೇಳಿಸಿ ಸಮಯ ಬರೆದುಕೊಂಡಿದ್ದೆವು, ಆದರೆ ಜಾಗ ಸಾಲದೆಂದು ಅದನ್ನು ಪೋಸ್ಟರಿನಿಂದ ಕೈಬಿಟ್ಟಿದ್ದೆವು. ಅಂದು ರಾತ್ರಿ ಹಾಸ್ಟೆಲಿನಲ್ಲಿ ಕುಳಿತು, ಪ್ರತಿಯೊಬ್ಬರ ಪದಗಳ ಸಮಯದಿಂದ ಅದೇ ಭಾಷೆಯ ಚೌಕಗಳ ಸಮಯವನ್ನು ಕಳೆಯುತ್ತ ಹೋದೆವು. ತಡವರಿಕೆ ಎರಡೂ ಭಾಷೆಗಳಲ್ಲಿ ಸ್ಪಷ್ಟವಾಗಿ ಉಳಿಯಿತು. ಭಾಷೆಗಳ ನಡುವಿನ ಅಂತರ ಮಾತ್ರ ಬಹುಪಾಲು ಕರಗಿಹೋಯಿತು. ಅಷ್ಟು ಕಡಿಮೆ ಜನರನ್ನು ಇಟ್ಟುಕೊಂಡು ಅಂತರವೇ ಇಲ್ಲ ಎಂದು ಹೇಳುವ ಹಕ್ಕೂ ನಮಗಿರಲಿಲ್ಲ. ‘ಕಂಡುಬಂದಿದೆ’ ಎಂಬ ತಿದ್ದುಪಡಿಯ ತೂಕ ನನಗೆ ತಿಳಿದದ್ದು ಆಗಲೇ.

ಪೋಸ್ಟರನ್ನು ತೆಗೆದುಬಿಡೋಣ ಎಂದು ಗೆಳತಿಯೊಬ್ಬಳು ಹೇಳಿದಳು. ನಾನು ಒಪ್ಪಲಿಲ್ಲ. ಎರಡನೆಯ ದಿನ ಹೊಸ ನಕ್ಷೆಯನ್ನು ಬಿಳಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ಹಳೆಯದರ ಪಕ್ಕದಲ್ಲೇ ಅಂಟಿಸಿ, ಏಕೆ ಬದಲಾಯಿಸಿದೆವು ಎಂಬುದನ್ನು ಎರಡು ಸಾಲಿನಲ್ಲಿ ಬರೆದೆವು. ಮುದ್ರಿತ ನಕ್ಷೆಗಿಂತ ಆ ಹಾಳೆಯ ಮುಂದೆಯೇ ಹೆಚ್ಚು ಜನ ನಿಂತರು. ನಮಗಿಂತ ಒಂದು ವರ್ಷ ಕಿರಿಯ ವಿದ್ಯಾರ್ಥಿಯೊಬ್ಬ, ಮಾತಿನ ಬದಲು ಗುಂಡಿ ಒತ್ತಿಸಿದರೆ ಉಚ್ಚಾರಣೆಯ ತೊಡಕೇ ಇರುವುದಿಲ್ಲವಲ್ಲ ಎಂದು ಸೂಚಿಸಿದ. ಹೇಳುವುದಕ್ಕೂ ಒತ್ತುವುದಕ್ಕೂ ವ್ಯತ್ಯಾಸವಿದೆಯೆಂದು ನಾವು ವಾದಿಸಿದೆವು; ಊಟದ ಹೊತ್ತಿನವರೆಗೂ ಆ ಚರ್ಚೆ ನಡೆಯಿತು.

ಪರೀಕ್ಷೆ ಮುಗಿದ ಮೇಲೆ ಕನ್ನಡ ಕಾರ್ಡುಗಳನ್ನೂ, ಹೆಸರುಗಳನ್ನು ತೆಗೆದ ದತ್ತಾಂಶವನ್ನೂ, ಎರಡೂ ನಕ್ಷೆಗಳನ್ನೂ ಸಂಶೋಧನಾ ಸಾಮಗ್ರಿಯನ್ನು ಹಂಚಿಕೊಳ್ಳುವ ಜಾಲತಾಣವಾದ ಓಪನ್ ಸೈನ್ಸ್ ಫ್ರೇಮ್‌ವರ್ಕ್‌ನಲ್ಲಿ ಇರಿಸಿದೆವು. ಗುಂಡಿ ಒತ್ತಿಸುವ ಪ್ರಯೋಗವನ್ನು ಆ ಕಿರಿಯ ವಿದ್ಯಾರ್ಥಿ ಈಗ ತನ್ನ ಪ್ರಾಜೆಕ್ಟಾಗಿ ಮಾಡುತ್ತಿದ್ದಾನೆ, ನಮ್ಮ ಕಾರ್ಡುಗಳ ಬಣ್ಣಗಳನ್ನೇ ಬಳಸಿಕೊಂಡು.