ಹ್ಯಾಲೋವೀನ್‌ಗೆ ಬಾಗಿಲ ಮೇಲೆ ಏನು ಬರೆಯೋದು?

ಅಮೆರಿಕದಲ್ಲಿರೋ ನಮ್ಮವರಿಗೆ ಅಕ್ಟೋಬರ್ 31ರ ಹ್ಯಾಲೋವೀನ್ (ಮಕ್ಕಳು ವೇಷ ಹಾಕ್ಕೊಂಡು ಮನೆ ಮನೆಗೆ ಕ್ಯಾಂಡಿ ಕೇಳೋಕೆ ಬರೋ ಹಬ್ಬ) ಹತ್ತಿರ ಬಂತು ಅಂದ್ರೆ ಇದೊಂದು ತಲೆಬಿಸಿ: ಬಾಗಿಲ ಬೋರ್ಡಿಗೆ, ಮಕ್ಕಳ ಕಾರ್ಡಿಗೆ ಒಂದು ಒಳ್ಳೇ ಸಾಲು ಬೇಕು. ‘ಹ್ಯಾಪಿ ಹ್ಯಾಲೋವೀನ್’ ಬಿಡಿ, ಸಪ್ಪೆ.

ನನ್ನ ವೋಟು ‘ನಾಳೆ ಬಾ’ಗೆ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆ ಬಾಗಿಲ ಮೇಲಿದ್ದ ಸಾಲು. ರಾತ್ರಿ ಗುರುತಿನವರ ದನಿಯಲ್ಲಿ ಕೂಗೋ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ. ಮಾರನೇ ದಿನ ಬಂದ್ರೂ ಅದೇ ಕಥೆ. ಕಪ್ಪು ಹಲಗೆ ಮೇಲೆ ದಪ್ಪ ಚಾಕ್‌ನಲ್ಲಿ, ಅಕ್ಷರ ಸ್ವಲ್ಪ ಸೊಟ್ಟಗಿರೋ ಹಾಗೆ ಬರೀರಿ. ಪೋರ್ಚ್ ಲೈಟ್ ಮಾತ್ರ ಆರಿಸಬೇಡಿ, ಆರಿಸಿದ್ರೆ ಈ ಮನೇಲಿ ಕ್ಯಾಂಡಿ ಇಲ್ಲ ಅಂದ್ಕೊಂಡು ಮಕ್ಕಳು ಮುಂದೆ ಹೋಗ್ತಾರೆ. (ಬೋರ್ಡ್ ಓದಿ ಹೇಳೋ ಮಗು ಬಂದ್ರೆ ಎರಡು ಚಾಕೊಲೇಟ್ ಜಾಸ್ತಿ ಕೊಡಿ!)

ಕಾರ್ಡಿಗಾದ್ರೆ ಸ್ಕಾಟ್ಲೆಂಡಿನದು ಅಂತ ಹೇಳೋ ಹಳೇ ಪ್ರಾರ್ಥನೆ ಇದೆ: ‘ಭೂತ ಪ್ರೇತ, ಉದ್ದುದ್ದ ಕಾಲಿನ ಪ್ರಾಣಿ, ರಾತ್ರಿ ಹೊತ್ತು ಧಡಾರ್ ಅನ್ನೋದು, ಎಲ್ಲದರಿಂದ ಕಾಪಾಡಪ್ಪಾ ದೇವರೇ.’ ಗಂಭೀರವಾಗಿ, ಪೂಜಾರಿ ಶೈಲಿಯಲ್ಲಿ ಓದಿ. ಮಕ್ಕಳು ಬಿದ್ದು ಬಿದ್ದು ನಗ್ತಾರೆ.

ಸೇಂಟ್ ಲೂಯಿಸ್ ಕಡೆಯವರು ಗಮನಿಸಿ, ಅಲ್ಲಿ ಬಾಗಿಲಲ್ಲಿ ನಿಂತು ಬರೀ ‘ಟ್ರಿಕ್ ಆರ್ ಟ್ರೀಟ್’ (ಕ್ಯಾಂಡಿ ಕೊಡಿ, ಇಲ್ಲಾಂದ್ರೆ ಕೀಟಲೆ ಮಾಡ್ತೀವಿ) ಅಂದ್ರೆ ಸಾಲದು. ಕ್ಯಾಂಡಿಗೆ ಮುಂಚೆ ಮಗು ಒಂದು ಜೋಕ್ ಹೇಳೋದು ವಾಡಿಕೆ. ಒಂದೇ ಉಸಿರಲ್ಲಿ ಮುಗಿಯೋದನ್ನ ಕಲಿಸಿ ಕಳಿಸಿ.

ಕ್ಯಾಂಡಿ ಬದಲು ಪೆನ್ಸಿಲ್, ಸ್ಟಿಕರ್ ಇಟ್ಟಿದ್ರೆ ಬೋರ್ಡ್ ಪಕ್ಕ ಟೀಲ್ (ಹಸಿರು ಮಿಶ್ರಿತ ನೀಲಿ) ಬಣ್ಣ ಬಳಿದ ಕುಂಬಳಕಾಯಿ ಇಡಿ. ಅಲರ್ಜಿ ಇರೋ ಮಕ್ಕಳ ಅಪ್ಪ-ಅಮ್ಮಂದಿರು ದೂರದಿಂದಲೇ ಅದನ್ನ ಹುಡುಕ್ತಿರ್ತಾರೆ.